ಹನ್ನೆರಡು ಸೆಕೆಂಡು

(ಇಂಜಿನಿಯರಿಂಗ್ ವಿದ್ಯಾರ್ಥಿಗಳ ಎದುರು ಒಬ್ಬ ನಿವೃತ್ತ ಯೋಧ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಅಗ್ನಿ, ಪೃಥ್ವಿ ನಿಮಗೆಲ್ಲ ಗೊತ್ತು. ನಾನು ಮಾತಾಡಬೇಕು ಅಂತ ಬಂದಿರೋದು ಜವಾನ ಹೊತ್ತು ನಡೆಯುವ ಪುಟ್ಟ ಕ್ಷಿಪಣಿಯ ಬಗ್ಗೆ. ಎಂಪಿಎಟಿಜಿಎಂ ಅನ್ನುತ್ತಾರೆ. ಟ್ಯಾಂಕ್ ಹೊಡೆಯುವುದೇ ಅದರ ಕೆಲಸ.

ನಮ್ಮ ಕಾಲದಲ್ಲಿ ಇದ್ದದ್ದು ಮಿಲನ್ ಅನ್ನೋ ಕ್ಷಿಪಣಿ. ಕ್ಷಿಪಣಿ ಹಾರುತ್ತಾ ಹೋದ ಹಾಗೆ ಹಿಂದೆ ತೆಳ್ಳನೆ ತಂತಿ ಬಿಚ್ಚಿಕೊಳ್ಳುತ್ತದೆ, ಗಾಳಿಪಟದ ದಾರದ ಥರ. ದಾರಿ ತಿದ್ದುವ ಸೂಚನೆ ಹೋಗೋದು ಆ ತಂತಿಯಲ್ಲೇ. ಎರಡು ಕಿಲೋಮೀಟರ್ ದೂರ ಮುಟ್ಟಲು ಸುಮಾರು 12 ಸೆಕೆಂಡು. ಅಷ್ಟು ಹೊತ್ತೂ ದುರ್ಬೀನಿನ ಗುರುತನ್ನು ಟ್ಯಾಂಕಿನ ಮೇಲಿಂದ ಕದಲಿಸುವ ಹಾಗಿಲ್ಲ. ಮೊದಲ ಸಲ ಹೊಡೆದಾಗ ನಾನು ಮನಸ್ಸಲ್ಲೇ ಒಂದು, ಎರಡು ಅಂತ ಎಣಿಸಿದೆ. ಏಳಕ್ಕೆ ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲಿಲ್ಲ. ಅಭ್ಯಾಸದಲ್ಲೇ ಹೀಗೆ. ಯುದ್ಧದಲ್ಲಾದರೆ ಹೊಗೆ ನೋಡಿ ಎದುರಿನವನು ನಿಮ್ಮ ಕಡೆಗೇ ತೋಪು ತಿರುಗಿಸುತ್ತಿರುತ್ತಾನೆ, ಅಲ್ವಾ?

ಆ 12 ಸೆಕೆಂಡನ್ನು ಜವಾನನಿಗೆ ವಾಪಸ್ ಕೊಡಬೇಕು. ಅದಕ್ಕೆ ಕ್ಷಿಪಣಿಗೇ ಕಣ್ಣು ಬೇಕು. ಟ್ಯಾಂಕ್ ಹೊಡೆಯುವ ನಮ್ಮದೇ ಇನ್ನೊಂದು ಕ್ಷಿಪಣಿ ನಾಗ್‌ಗೆ ಆ ಕಣ್ಣಿದೆ. ಅದನ್ನು ಕಟ್ಟುವ ಕೆಲಸ 1983ರ ದೇಶದ ಕ್ಷಿಪಣಿ ಯೋಜನೆಯಲ್ಲೇ ಶುರುವಾಯಿತು. ಆದರೆ ಅದರ ತೂಕ 40 ಕಿಲೋಗಿಂತ ಜಾಸ್ತಿ, ಹೊರಲು ಗಾಡಿಯೇ ಬೇಕು. ಅಂಥದ್ದೇ ಕಣ್ಣು, ಕಂಪ್ಯೂಟರ್, ಬ್ಯಾಟರಿ, ರಾಕೆಟ್ ಮೋಟರ್, ಸಿಡಿತಲೆ ಎಲ್ಲವನ್ನೂ 15 ಕಿಲೋ ಒಳಗೆ ತರಲು ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓದವರು ಕೂತರು. ಅರ್ಧ ಮೂಟೆ ಸಿಮೆಂಟಿಗಿಂತ ಹಗುರ!

ಈ ಕಣ್ಣು ನೋಡೋದು ಬಿಸಿಯನ್ನು. ದೂರದಲ್ಲಿ ಟ್ಯಾಂಕ್ ಸಾಸಿವೆ ಕಾಳಿನಷ್ಟು ಬಿಸಿ ಚುಕ್ಕೆ. ಹತ್ತಿರವಾದ ಹಾಗೆ ರೊಟ್ಟಿಯಷ್ಟಗಲ. ಎರಡೂ ಒಂದೇ ಅಂತ ಕ್ಷಿಪಣಿಗೆ ಕ್ಷಣಕ್ಷಣವೂ ತಿಳಿಯುತ್ತಿರಬೇಕು. ರಾಜಸ್ಥಾನದ ನಡುಬೇಸಿಗೆಯಲ್ಲಿ ಮರಳೂ ಟ್ಯಾಂಕಿನಷ್ಟೇ ಕಾದಿರುತ್ತದೆ. ನಾಗ್ ವರ್ಷಗಟ್ಟಲೆ ಪರದಾಡಿದ್ದು ಅಲ್ಲೇ. ಕಂಪ್ಯೂಟರ್ ಓದುವ ಮಕ್ಕಳು ಇದನ್ನು ಕೇಳಿಸಿಕೊಳ್ಳಿ. ಸಿಡಿಮದ್ದಿಗಿಂತ ಕಷ್ಟದ ಕೆಲಸ ಈ ಕಣ್ಣಿನದು. ನಿಮ್ಮಂಥವರು ಬೇಕಾಗಿರೋದೂ ಇಲ್ಲಿಗೇ.

ಇನ್ನೊಂದು ವಿಷಯ. ದೊಡ್ಡ ಮೋಟರ್ ಕೊಳವೆಯೊಳಗೇ ಹೊತ್ತಿಕೊಂಡರೆ ಹತ್ತಿರ ಇದ್ದವನ ಮುಖ ಸುಡುತ್ತದೆ. ಹಾಗಾಗಿ ಮೊದಲು ಚಿಕ್ಕ ಮೋಟರ್ ಕ್ಷಿಪಣಿಯನ್ನು ಹೊರಗೆ ತಳ್ಳುತ್ತದೆ. ದೊಡ್ಡದು ಹೊತ್ತೋದು ಆಮೇಲೆ.

ಸಮಯ ಆಯಿತು ಅಂತ ಮೇಷ್ಟ್ರು ಸನ್ನೆ ಮಾಡುತ್ತಿದ್ದಾರೆ. ಎರಡು ಹಂತದ ಸಿಡಿತಲೆ ಬಗ್ಗೆ ಹೇಳಬೇಕಿತ್ತು, ಇರಲಿ. 2018ರಲ್ಲಿ ಅಹ್ಮದ್‌ನಗರ, 2019ರಲ್ಲಿ ಕರ್ನೂಲು, 2024ರಲ್ಲಿ ಪೋಖ್ರಾನ್‌, ಹೀಗೆ ಈ ಪುಟ್ಟ ಕ್ಷಿಪಣಿಯ ಪರೀಕ್ಷೆಗಳು ಆಗಿವೆ. ಗುರಿ ಹಿಡಿದು ಗುಂಡಿ ಒತ್ತಿದರೆ ಸಾಕು, ಹುಡುಗ ಕಣ್ಣು ಒರೆಸಿಕೊಂಡು ಅಲ್ಲಿಂದ ಜಾಗ ಖಾಲಿ ಮಾಡಬಹುದು.

ಹಿಂದಿನ ಸಾಲಿನಲ್ಲಿ ಯಾರೋ ಕೈ ಎತ್ತಿದ್ದೀಯಲ್ಲ, ಕೇಳಮ್ಮಾ.