ಒತ್ತಿ ನೋಡಿ, ಆಮೇಲೆ ಕೊಳ್ಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಸೂಟ್‌ಕೇಸ್ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಭದ್ರಾವತಿ ಆಕಾಶವಾಣಿಯವರು ಕರೆದಿದ್ದಾರೆ. ನಾನು ಶಿವಮೊಗ್ಗದಲ್ಲಿ 22 ವರ್ಷದಿಂದ ಬ್ಯಾಗು, ಪೆಟ್ಟಿಗೆ ರಿಪೇರಿ ಮಾಡುತ್ತಿದ್ದೇನೆ. ಮಗಳ ಮನೆಗೋ, ಮಗನನ್ನು ಹಾಸ್ಟೆಲ್ಲಿಗೆ ಬಿಡಲಿಕ್ಕೋ ಹೊರಟು, ಹೊಸ ಪೆಟ್ಟಿಗೆ ತರೋಣ ಅಂದುಕೊಂಡು ಕೂತಿರುತ್ತೀರಲ್ಲ, ನಿಮಗಾಗಿಯೇ ಈ ಮಾತು.

ಒಂದೇ ವಿಷಯ ಹೇಳುತ್ತೇನೆ. ಗಟ್ಟಿ ಪೆಟ್ಟಿಗೆ ಬೇಕಾದರೆ ಬಗ್ಗುವ ಪೆಟ್ಟಿಗೆ ತಗೊಳ್ಳಿ. ಅಂಗಡಿಯಲ್ಲಿ ಪೆಟ್ಟಿಗೆಯನ್ನು ಮಲಗಿಸಿ, ನಡುಮಧ್ಯಕ್ಕೆ ಎರಡೂ ಹೆಬ್ಬೆರಳು ಇಟ್ಟು ಒತ್ತಿ. ಒಳಗೆ ಹೋಗಬೇಕು, ಕೈ ಬಿಟ್ಟ ಕೂಡಲೇ ವಾಪಸ್ ಬರಬೇಕು. ಕಲ್ಲಿನ ಹಾಗೆ ಕೂತಿದ್ದರೆ ಅದು ಬೇಡ.

ಇದು ಹೇಳಿದರೆ ಜನ ನಂಬುವುದೇ ಇಲ್ಲ. ನಮ್ಮ ತೋಟದಲ್ಲಿ ಅಡಿಕೆ ಕೊಯ್ಯುವ ಕೊನೆಗಾರ ಒಂದು ಮರದಿಂದ ಇನ್ನೊಂದಕ್ಕೆ ದಾಟುವುದನ್ನು ನೋಡಿದ್ದೀರಲ್ಲ? ಮರ ಬಿಲ್ಲಿನ ಹಾಗೆ ಬಾಗುತ್ತದೆ. ಅವನು ಪಕ್ಕದ ಮರ ಹಿಡಿದುಕೊಂಡ ಮೇಲೆ ಮತ್ತೆ ನೆಟ್ಟಗಾಗುತ್ತದೆ. ಅದು ಬಾಗದೆ ಇದ್ದಿದ್ದರೆ ಅವನ ಗತಿ ಏನು? ಪೆಟ್ಟಿಗೆಯೂ ಅಷ್ಟೆ. ಬಸ್ಸಿನ ಡಿಕ್ಕಿಯಲ್ಲಿ, ವಿಮಾನದ ಹೊಟ್ಟೆಯಲ್ಲಿ ಅದನ್ನು ಯಾರೂ ನಿಧಾನಕ್ಕೆ ಇಡುವುದಿಲ್ಲ. ಎಸೆಯುತ್ತಾರೆ.

ಅಂಗಡಿಗಳಲ್ಲಿ ಮುಖ್ಯವಾಗಿ ಮೂರು ಥರದ ಪ್ಲಾಸ್ಟಿಕ್ ಸಿಗುತ್ತದೆ. ಎಬಿಎಸ್ ಅಂತ ಒಂದು, ಟಿವಿ ರಿಮೋಟಿನ ಮೈ ಇರುತ್ತದಲ್ಲ, ಆ ಜಾತಿ. ಹೊಳೆಯುತ್ತದೆ, ಅಗ್ಗ, ಆದರೆ ಜೋರಾಗಿ ಬಿದ್ದರೆ ಸೀಳುತ್ತದೆ. ಎರಡನೆಯದು ಪಾಲಿಕಾರ್ಬೊನೇಟ್. ಹೆಲ್ಮೆಟ್ಟಿನ ಮುಂದಿನ ಗಾಜಿನಂಥ ಹಾಳೆ ಅದರದ್ದೇ. ಮೂರನೆಯದು ಪಾಲಿಪ್ರೊಪಿಲೀನ್. ಮದುವೆಮನೆಯ ಪ್ಲಾಸ್ಟಿಕ್ ಕುರ್ಚಿ ನೆನಪು ಮಾಡಿಕೊಳ್ಳಿ, ಎಷ್ಟು ದಪ್ಪದವರು ಕೂತರೂ ಕಾಲು ಅಗಲಿಸಿ ತಡೆದುಕೊಳ್ಳುತ್ತದೆ. ಕೊನೆಯ ಎರಡರಲ್ಲಿ ಒಂದು ತಗೊಳ್ಳಿ. ಒಳಗಿನ ಚೀಟಿಯಲ್ಲಿ ಪಿಸಿ ಅಥವಾ ಪಿಪಿ ಅಂತ ಬರೆದಿರುತ್ತದೆ. ಚೀಟಿ ಸಿಗಲಿಲ್ಲವಾ? ಒತ್ತಿ ನೋಡಿ.

ಇದನ್ನು ನಾನು ಕಲಿತದ್ದು ನಮ್ಮ ಅಕ್ಕನ ಪೆಟ್ಟಿಗೆಯಿಂದ. ಅಕ್ಕನ ಮನೆ ತೀರ್ಥಹಳ್ಳಿ ಹತ್ತಿರ. ಮಗಳ ಬಾಣಂತನಕ್ಕೆ ಜರ್ಮನಿಗೆ ಹೊರಟಿದ್ದಳು, ಮೊದಲ ಸಲ ವಿಮಾನ ಹತ್ತುವುದು. ಪೆಟ್ಟಿಗೆ ನಾನೇ ಕೊಡಿಸಿದೆ. ಕಡುನೀಲಿ ಬಣ್ಣ, ಮುಖ ಕಾಣುವಷ್ಟು ಹೊಳಪು. ಬೆರಳಿಂದ ತಟ್ಟಿದರೆ ಟಣ್ ಅನ್ನುತ್ತಿತ್ತು. ಗಟ್ಟಿ ಇದೆ ಅಂದುಕೊಂಡೆ, ಒತ್ತಿ ನೋಡಲಿಲ್ಲ. ಅಕ್ಕ ಒಂದು ತಿಂಗಳು ಕೂತು ಸಾಮಾನು ಹೊಂದಿಸಿದಳು. ಬಾಣಂತಿ ಲೇಹ್ಯ, ಓಮ, ಕಾಳುಮೆಣಸು, ಬಜೆ ಬೇರು, ಅಪ್ಪೆಮಿಡಿ ಉಪ್ಪಿನಕಾಯಿ. ಒಂದು ದೊಡ್ಡ ಗಾಜಿನ ಬಾಟ್ಲಿ ತುಂಬ ಜೋನಿಬೆಲ್ಲ, ಮಗಳಿಗೆ ದೋಸೆ ಜೊತೆ ಅದೇ ಆಗಬೇಕು. ಮತ್ತೆ ಮಗುವಿಗೆ ಅಂತ ನಮ್ಮ ಅಮ್ಮನ ಹಳೇ ಕಾಟನ್ ಸೀರೆಗಳನ್ನು ಹರಿದು, ಬಿಸಿನೀರಲ್ಲಿ ಒಗೆದು, ಅಂಚು ಹೊಲಿದು ಮಾಡಿದ ಬಟ್ಟೆಗಳು. ಅಮ್ಮ ಹೋಗಿ ಆಗಲೇ ನಾಲ್ಕು ವರ್ಷ ಆಗಿತ್ತು.

ಮೂರನೇ ದಿನ ಫೋನ್ ಬಂತು. "ಎಂಥ ಪೆಟ್ಟಿಗೆ ಕೊಡಿಸಿದ್ಯಾ ಮಾರಾಯ, ಮೂಲೆಯೇ ಹೋಳಾಗಿದೆ" ಅಂದಳು. ಚಕ್ರ ಕೂರಿಸಿದ ಮೂಲೆಯಿಂದ ಒಂದು ಗೇಣು ಸೀಳಿತ್ತಂತೆ. ಜೋನಿಬೆಲ್ಲದ ಬಾಟ್ಲಿ ಅದೇ ಮೂಲೆಯಲ್ಲಿತ್ತು. ಬೆಲ್ಲವೆಲ್ಲ ಇಳಿದು ಅಮ್ಮನ ಸೀರೆಯ ಬಟ್ಟೆಗೆ ಕೂತಿತ್ತು, ಅದರೊಳಗೆ ಗಾಜಿನ ಚೂರು. ತೊಳೆದರೆ ಬೆಲ್ಲ ಹೋಗುತ್ತದೆ, ಗಾಜಿನ ಚೂರು ಬಿದ್ದ ಬಟ್ಟೆಯನ್ನು ಹಸುಗೂಸಿಗೆ ಸುತ್ತಲಿಕ್ಕೆ ಯಾರಿಗೆ ಧೈರ್ಯ ಬರುತ್ತದೆ? ಅಷ್ಟನ್ನೂ ಎಸೆಯಬೇಕಾಯಿತು. ಫೋನಲ್ಲಿ ಅಕ್ಕ ಅತ್ತಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ಹಗ್ಗ ಬಿಗಿದುಕೊಂಡು ಆ ಪೆಟ್ಟಿಗೆಯನ್ನು ಅವಳು ವಾಪಸ್ ತಂದಳು. ಒಡೆದ ಜಾಗದಿಂದ ಅಂಗೈಯಷ್ಟು ತುಂಡು ಕತ್ತರಿಸಿ ಕೈಯಲ್ಲಿ ಬಗ್ಗಿಸಿದೆ. ಮೊದಲು ಒಂದು ಬಿಳಿ ಗೆರೆ ಮೂಡಿತು. ಇನ್ನಷ್ಟು ಬಗ್ಗಿಸಿದೆ, ಆ ಗೆರೆಯ ಮೇಲೇ ಚಟ್ ಅಂತ ಎರಡಾಯಿತು. ಅಂಗಡಿಯಲ್ಲಿ ಬಿದ್ದಿದ್ದ ಒಂದು ಹಳೇ ಪಾಲಿಕಾರ್ಬೊನೇಟ್ ತುಂಡನ್ನೂ ಹಾಗೆಯೇ ಬಗ್ಗಿಸಿದೆ. ಅದು ಬಿಟ್ಟ ಕೂಡಲೇ ನೆಟ್ಟಗಾಯಿತು. ಅವತ್ತಿನಿಂದ ಬಂದವರಿಗೆಲ್ಲ ಒತ್ತಿ ನೋಡಿ ಅಂತ ಹೇಳುತ್ತಲೇ ಇದ್ದೇನೆ. ಆದರೂ ಜನ ಮೊದಲು ಕೇಳುವುದು, ಬೇರೆ ಬಣ್ಣ ಇದೆಯಾ ಅಂತ! ಬಣ್ಣ ಆಮೇಲೆ ನೋಡಿ ದಯವಿಟ್ಟು.

ಸಮಯ ಆಗ್ತಾ ಬಂತು ಅಂತ ಸನ್ನೆ ಮಾಡುತ್ತಿದ್ದಾರೆ. ತುಂಬುವ ವಿಷಯ ಬೇಗ ಹೇಳಿಬಿಡುತ್ತೇನೆ.

ಭಾರದ ಸಾಮಾನು ಚಕ್ರದ ಕಡೆ ಇರಲಿ, ನಿಲ್ಲಿಸಿದಾಗ ಪೆಟ್ಟಿಗೆ ಮಗುಚುವುದಿಲ್ಲ. ಬಾಟ್ಲಿ ಮಾತ್ರ ಯಾವತ್ತೂ ಮೂಲೆಗೆ ಬೇಡ. ಗಾಜು ಬಿಟ್ಟು ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಕವರಿನಲ್ಲಿ ಕಟ್ಟಿ, ಟವೆಲ್ ಸುತ್ತಿ, ನಾಲ್ಕೂ ಕಡೆ ಬಟ್ಟೆ ಬರುವ ಹಾಗೆ ನಡುವೆ ಇಡಿ. ಖಾಲಿ ಜಾಗ ಬಿಡಬೇಡಿ, ಕಾಲುಚೀಲ ತುರುಕಿದರೂ ಸರಿ. ಒಳಗೆ ಟೊಳ್ಳಿದ್ದ ಕಡೆಯೇ ಪೆಟ್ಟು ಜಾಸ್ತಿ.

ತೂಕ ಮನೆಯಲ್ಲೇ ನೋಡಿಕೊಳ್ಳಿ. 2023ರಲ್ಲಿ ನಮ್ಮ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ ಶುರುವಾದ ಮೇಲೆ ಇದನ್ನು ಕೇಳುವವರು ಜಾಸ್ತಿಯಾಗಿದ್ದಾರೆ. ದೇಶದೊಳಗಿನ ವಿಮಾನಕ್ಕೆ ಸಾಮಾನ್ಯ ಟಿಕೆಟ್ಟಿನಲ್ಲಿ 15 ಕಿಲೋ ಸಾಮಾನು ಹಾಕಬಹುದು. ಖಾಲಿ ಪೆಟ್ಟಿಗೆಯೇ 4.5 ಕಿಲೋ ಇದ್ದರೆ ನಿಮಗೆ ಉಳಿಯುವುದು ಹತ್ತೂವರೆ. ಬಗ್ಗುವ ಪೆಟ್ಟಿಗೆ ಸಾಮಾನ್ಯವಾಗಿ ಹಗುರವೂ ಇರುತ್ತದೆ, ಅದೂ ಒಂದು ಲಾಭ. ಪವರ್ ಬ್ಯಾಂಕ್ ಪೆಟ್ಟಿಗೆಗೆ ಹಾಕಬೇಡಿ, ಕೈಚೀಲದಲ್ಲೇ ಇರಲಿ. ಇಡೀ ಕೊಬ್ಬರಿ ಗಿಟುಕನ್ನೂ ಹಾಕಬೇಡಿ. ಅದರಲ್ಲಿ ಎಣ್ಣೆ ಇರುವುದರಿಂದ ತಾನಾಗಿ ಬಿಸಿಯೇರಿ ಹತ್ತಿಕೊಳ್ಳಬಹುದು ಅಂತ ತೆಗೆಸುತ್ತಾರೆ.

ಕೊನೆಯದಾಗಿ, ನಮ್ಮ ಮಳೆಗಾಲ. ಪೆಟ್ಟಿಗೆಯ ಮೆತ್ತನೆಯ ಚಕ್ರಗಳಲ್ಲಿ ಹಲವು ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ಕಿನವು. ಅದು ತೇವಕ್ಕೆ ಆಗುವುದಿಲ್ಲ. ಬೀರುವಿನಲ್ಲಿಟ್ಟ ಹೊಸ ಬೂಟಿನ ಅಟ್ಟೆ ಒಂದು ದಿನ ಸುಮ್ನೆ ಪುಡಿಯಾಗಿ ಉದುರುತ್ತದಲ್ಲ, ಚಕ್ರಕ್ಕೂ ಅದೇ ಆಗುತ್ತದೆ. ಊರಿಂದ ಬಂದ ಮೇಲೆ ಚಕ್ರ ಒರೆಸಿ, ಪೆಟ್ಟಿಗೆಯನ್ನು ಬಾಯಿ ತೆರೆದು ಒಂದು ದಿನ ನೆರಳಲ್ಲಿ ಒಣಗಲು ಬಿಡಿ. ಒಳಗೆ ಸ್ವಲ್ಪ ಲಾವಂಚದ ಬೇರು ಹಾಕಿ ಇಡಿ, ಮುಗ್ಗಲು ವಾಸನೆ ಕಡಿಮೆಯಾಗುತ್ತದೆ. ಸೋರುವ ಗೋಡೆಯ ಪಕ್ಕ ಇಡಬೇಡಿ, ಒಲೆಯ ಮೇಲಿನ ಅಟ್ಟ ಇದ್ದರೆ ಅದರ ಒಂದು ಪಕ್ಕಕ್ಕೆ, ಹೊಗೆ ನೇರ ತಾಗದ ಕಡೆ ಇಡಿ. ತಿಂಗಳಿಗೊಮ್ಮೆ ಇಳಿಸಿ ಜಗಲಿಯಲ್ಲಿ ನಾಲ್ಕು ಹೆಜ್ಜೆ ಉರುಳಿಸಿ, ಚಕ್ರ ಉದುರಲು ಶುರುವಾಗಿದ್ದರೆ ಹೊರಡುವ ಮೊದಲೇ ಗೊತ್ತಾಗುತ್ತದೆ. ನಮಸ್ಕಾರ.