ತಲೆ ಸುತ್ತಿ ಒಂದು ಕಿವಿ ಮಂಕಾದರೆ

ಕೇಳುಗರಿಗೆ ನಮಸ್ಕಾರ. ತಲೆ ಸುತ್ತಿತೆಂದರೆ ನಮ್ಮ ಕಾಸರಗೋಡಿನ ಮನೆಗಳಲ್ಲಿ ಪಿತ್ತದ ಮೇಲೆ ತಪ್ಪು ಹೊರಿಸಿ ಲಿಂಬೆ ಪಾನಕ ಕೊಟ್ಟು ಮಲಗಿಸುತ್ತಾರೆ. ಅನೇಕ ಸಲ ಅಷ್ಟರಲ್ಲೇ ಸರಿಯಾಗುತ್ತದೆ. ಆದರೆ ಜೊತೆಗೆ ಒಂದು ಕಿವಿ ಇದ್ದಕ್ಕಿದ್ದಂತೆ ಮಂಕಾಗಿದ್ದರೆ ಪಾನಕ ಕುಡಿದು ಕಾಯಬೇಡಿ.

ಸುತ್ತಿನ ಸಂಕಟದಲ್ಲಿ ಕಿವಿ ಹೋದದ್ದು ಹಲವರ ಗಮನಕ್ಕೇ ಬರುವುದಿಲ್ಲ. ಮೊಬೈಲ್ ಬಲಗಿವಿಗೆ ಹಿಡಿದು 'ಹಲೋ, ಹಲೋ' ಎನ್ನುತ್ತ, ರೇಂಜ್ ಇಲ್ಲವೆಂದು ಅಂಗಳಕ್ಕಿಳಿದು, ಎಡಗಿವಿಗೆ ಬದಲಿಸಿದಾಗಲೇ ತಿಳಿಯುವುದು. ಆ ಹೊತ್ತನ್ನು ಬರೆದಿಡಿ. ವೈದ್ಯರು ಕೇಳುವುದು ಅದನ್ನೇ.

ಬಾಯಿ ಮುಚ್ಚಿ 'ಮ್' ಎಂದು ಗುನುಗಿ ನೋಡಿ. ಮಂಕಾದ ಕಿವಿಯಲ್ಲೇ ಜೋರಾಗಿ ಕೇಳಿದರೆ ಗುಗ್ಗೆಯೋ ನೀರೋ ಅಡ್ಡ ನಿಂತಿರಬಹುದು. ಸರಿಯಿರುವ ಕಿವಿಯಲ್ಲಿ ಜೋರಾದರೆ ಒಳಗಿವಿಗೋ ನರಕ್ಕೋ ಪೆಟ್ಟಾದ ಶಂಕೆ. ವೈದ್ಯರು ಶ್ರುತಿಕವೆ, ಅಂದರೆ ಟ್ಯೂನಿಂಗ್ ಫೋರ್ಕ್ ಹಿಡಿದು ನೋಡುವುದೂ ಹೀಗೆಯೇ. ಇದು ಸುಳಿವು ಮಾತ್ರ, ಪರೀಕ್ಷೆಗೆ ಬದಲಿಯಲ್ಲ.

ಮಗ್ಗುಲು ಬದಲಿಸಿದಾಗ ಅರೆನಿಮಿಷ ಸುತ್ತಿ ನಿಲ್ಲುವುದು ಒಳಗಿವಿಯ ಹರಳುಗಳು ಜಾಗ ತಪ್ಪಿದ್ದರಿಂದ. ಅದರಿಂದ ಕಿವಿ ಮಂಕಾಗುವುದಿಲ್ಲ. 20 ನಿಮಿಷದಿಂದ ಹಲವು ಗಂಟೆ ಸುತ್ತಿ, ಕಿವಿ ಗುಂಯ್‌ಗುಟ್ಟಿ, ಬಿಟ್ಟು ಬಿಟ್ಟು ಮರುಕಳಿಸಿದರೆ ಮೆನಿಯೇರ್ ಕಾಯಿಲೆ ಇರಬಹುದು. ಇಂಥ ಸುತ್ತಿನ ಮೂಲ ಒಳಗಿವಿಯೆಂದು ಪ್ಯಾರಿಸ್ಸಿನ ವೈದ್ಯ ಪ್ರಾಸ್ಪರ್ ಮೆನಿಯೇರ್ 1861ರಲ್ಲೇ ಹೇಳಿದ್ದರು. ಶೀತಜ್ವರದ ಬೆನ್ನಿಗೆ ದಿನಗಟ್ಟಲೆ ಸುತ್ತಿದರೆ ಒಳಗಿವಿಯ ಉರಿಯೂತ. ಕಿವಿಯ ಬಳಿ ಗುಳ್ಳೆಯೆದ್ದು ಮುಖ ಸೊಟ್ಟಗಾದರೆ ಸರ್ಪಸುತ್ತು. ಅಪರೂಪಕ್ಕೆ ನರದ ಮೇಲಿನ ಗಡ್ಡೆಯೂ ಉಂಟು. ಅದಕ್ಕೆ ಎಂಆರ್‌ಐ ಬೇಕು.

ನನಗೆ ಹೆಚ್ಚು ಭಯವಿರುವುದು ಇನ್ನೊಂದರ ಬಗ್ಗೆ. ಒಳಗಿವಿಗೆ ರಕ್ತ ಒಯ್ಯುವ ಸಪೂರ ನಾಳ ಸಾಮಾನ್ಯವಾಗಿ ಕಿರುಮಿದುಳಿಗೆ ಹೋಗುವ ನಾಳದ ಕವಲು. ಅಲ್ಲಿ ತಡೆಯಾದರೆ ಎರಡೂ ಒಟ್ಟಿಗೆ ಸೊರಗುತ್ತವೆ; ಇದು ಪಾರ್ಶ್ವವಾಯುವೇ. ಮಾತು ತೊದಲಿದರೆ, ನೋಟ ಎರಡಾದರೆ, ನುಂಗಲಾಗದಿದ್ದರೆ, ಆಸರೆಯಿಲ್ಲದೆ ಕೂರಲಾಗದಿದ್ದರೆ 108ಕ್ಕೆ ಕರೆ ಮಾಡಿ. ಕೆಲವೊಮ್ಮೆ ಈ ಲಕ್ಷಣಗಳಿಗಿಂತ ಮೊದಲೇ ಕಿವಿ ಮಂಕಾಗುತ್ತದೆ. ಆದ್ದರಿಂದ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಲಕ್ಷಣಗಳಿಗಾಗಿ ಕಾಯುತ್ತ ಕೂರಬಾರದು.

ಬಿಸಿ ಎಣ್ಣೆ ಬಿಟ್ಟು ನಾಲ್ಕು ದಿನ ನೋಡುವ ನಮ್ಮ ರೂಢಿ ಇಲ್ಲಿ ನಷ್ಟ ತರುತ್ತದೆ. ನರದ ಕಿವುಡಿಗೆ ಸ್ಟೀರಾಯ್ಡ್ ಕೊಡುವುದಾದರೆ ಎರಡು ವಾರದೊಳಗೆ, ಆದಷ್ಟು ಬೇಗ ಆರಂಭವಾಗಬೇಕು. ಸಕ್ಕರೆ ಕಾಯಿಲೆಯಿದ್ದರೆ ಮೊದಲೇ ತಿಳಿಸಿ. ಪೆರ್ಲದವರಾಗಲಿ ಮುಳ್ಳೇರಿಯದವರಾಗಲಿ, ಕಾಸರಗೋಡಿಗೋ ಮಂಗಳೂರಿಗೋ ಅಂದೇ ಹೊರಡಿ, ಶ್ರವಣ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ಸ್ಕೂಟರನ್ನು ಮಾತ್ರ ನೀವೇ ಓಡಿಸಬೇಡಿ.