ಟೆಲ್ಲೂರಿಯಮ್ ಮೊದಲು, ಅಯೋಡಿನ್ ಆಮೇಲೆ

ಕೇಳುಗರಿಗೆಲ್ಲ ನಮಸ್ಕಾರ.

ಅಯೋಡಿನ್ ನಿಮಗೆ ಗೊತ್ತಿರುತ್ತದೆ. ಬಿಸಿ ಮಾಡಿದರೆ ನೇರಳೆ ಬಣ್ಣದ ಆವಿ ಏಳುವ ಧಾತು. ಟೆಲ್ಲೂರಿಯಮ್ ಹೆಸರನ್ನು ಅಷ್ಟಾಗಿ ಕೇಳಿರಲಿಕ್ಕಿಲ್ಲ. ಇವೆರಡರಲ್ಲಿ ಯಾವುದು ಮೊದಲು ಬರಬೇಕು? ರಷ್ಯಾದ ಡಿಮಿಟ್ರಿ ಮೆಂಡಲೀವ್ 1869ರಲ್ಲಿ ಧಾತುಗಳನ್ನು ಸಾಲುಸಾಲಾಗಿ ಜೋಡಿಸುವ ಆವರ್ತ ಕೋಷ್ಟಕ ರೂಪಿಸುವಾಗ ಈ ಪ್ರಶ್ನೆ ಎದುರಾಯಿತು.

ಆಗ ಗೊತ್ತಿದ್ದ ಧಾತುಗಳು 63. ಅವುಗಳನ್ನು ಪರಮಾಣು ತೂಕದ ಪ್ರಕಾರ ಜೋಡಿಸುತ್ತಾ ಹೋದರೆ ಸ್ವಲ್ಪ ದೂರದಲ್ಲಿ ಮೊದಲಿನ ಗುಣಗಳೇ ಮತ್ತೆ ಕಾಣಿಸುತ್ತವೆ. ಒಂದೇ ಗುಣದವು ಒಂದು ಗುಂಪು. ಆದರೆ ಇಲ್ಲೊಂದು ತೊಡಕು. ಅಯೋಡಿನ್‌ಗಿಂತ ಟೆಲ್ಲೂರಿಯಮ್ ಸ್ವಲ್ಪ ಭಾರ. ತೂಕ ನೋಡಿದರೆ ಅಯೋಡಿನ್ ಮೊದಲು ಬರಬೇಕು. ಮೆಂಡಲೀವ್ ಹಾಗೆ ಮಾಡಲಿಲ್ಲ. ಟೆಲ್ಲೂರಿಯಮ್ಮನ್ನು ಮೊದಲು ಇಟ್ಟರು, ಅಯೋಡಿನ್ನನ್ನು ಆಮೇಲೆ.

ಯಾಕೆ ಅಂದರೆ, ಅಯೋಡಿನ್ ನಡವಳಿಕೆ ಕ್ಲೋರಿನ್, ಬ್ರೋಮಿನ್‌ಗಳ ಹಾಗೆಯೇ ಇತ್ತು. ಅದು ಒಂದೇ ಹೈಡ್ರೋಜನ್ ಪರಮಾಣುವಿನ ಜೊತೆ ಕೂಡುತ್ತದೆ. ಟೆಲ್ಲೂರಿಯಮ್ ಗಂಧಕದ ಹಾಗೆ, ಅದಕ್ಕೆ ಎರಡು ಬೇಕು. ತೂಕ ಅಳೆಯುವಾಗಲೇ ಎಲ್ಲೋ ತಪ್ಪಾಗಿದೆ ಎಂದು ಮೆಂಡಲೀವ್ ನಂಬಿದ್ದರು. ತೂಕದಲ್ಲಿ ತಪ್ಪಿರಲಿಲ್ಲ. ಆದರೂ ಅವರು ಕೊಟ್ಟ ಜಾಗ ಸರಿಯಾಗಿಯೇ ಇತ್ತು.

ಒಂದು ವಿಷಯ ನೆನಪಿಡಿ. ಆಗಿನ್ನೂ ಪರಮಾಣುವಿನಲ್ಲಿ ಎಲೆಕ್ಟ್ರಾನ್ ಎಂಬ ಋಣ ವಿದ್ಯುತ್ತಿನ ಪುಟ್ಟ ಕಣ ಇದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ಜೆ. ಜೆ. ಥಾಮ್ಸನ್ ಅದನ್ನು ಗುರುತಿಸಿದ್ದು 1897ರಲ್ಲಿ, ಅಂದರೆ 28 ವರ್ಷ ಆದ ಮೇಲೆ. ಗುಣ ನೋಡಿ ಜಾಗ ಕೊಟ್ಟ ಮೆಂಡಲೀವ್, ತಮಗೆ ಗೊತ್ತಿಲ್ಲದೇ ಎಲೆಕ್ಟ್ರಾನ್‌ಗಳ ಲೆಕ್ಕವನ್ನೇ ಬರೆದಿಟ್ಟಿದ್ದರು. ನನಗೆ ಇಡೀ ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಬೆರಗಿನ ಸಂಗತಿ ಇನ್ನೊಂದಿಲ್ಲ.

ಈಗ ಪರಮಾಣುವಿನ ಒಳಗೆ ಹೋಗೋಣ. ನಡುವೆ ನ್ಯೂಕ್ಲಿಯಸ್. ಅದರ ಸುತ್ತ ಎಲೆಕ್ಟ್ರಾನ್‌ಗಳು ಕವಚ ಕವಚವಾಗಿ ಇರುತ್ತವೆ. ಸೋಡಿಯಮ್ ಪರಮಾಣುವಿನಲ್ಲಿ ಇರುವುದು 11 ಎಲೆಕ್ಟ್ರಾನ್. ಒಳಗಿನ ಕವಚದಲ್ಲಿ ಎರಡು, ಅದರ ಆಚೆ ಎಂಟು, ತೀರ ಹೊರಗೆ ಒಂದೇ ಒಂದು. ಈ ಹೊರಗಿನದ್ದೇ ವೇಲೆನ್ಸ್ ಎಲೆಕ್ಟ್ರಾನ್. ಬೇರೆ ಪರಮಾಣುವಿನ ಜೊತೆ ಕೊಡುವುದು, ಪಡೆಯುವುದು, ಹಂಚಿಕೊಳ್ಳುವುದು ಎಲ್ಲ ಇದರದ್ದೇ ಕೆಲಸ.

ಒಳಗಿನವು ಯಾಕೆ ಸುಮ್ನೆ ಇರುತ್ತವೆ? ಅವು ನ್ಯೂಕ್ಲಿಯಸ್ಸಿನ ಹತ್ತಿರ, ಬಿಗಿ ಹಿಡಿತದಲ್ಲಿ ಇವೆ. ಇದು ಬರೀ ಊಹೆ ಅಲ್ಲ, ಅಳೆದು ನೋಡಿದ ಮಾತು. ಸೋಡಿಯಮ್ಮಿನ ಹೊರಗಿನ ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ ಸುಮಾರು 5.1 ಎಲೆಕ್ಟ್ರಾನ್ ವೋಲ್ಟ್ (ಇದು ಪರಮಾಣು ಮಟ್ಟದ ಶಕ್ತಿ ಅಳೆಯುವ ಮಾನ). ಎರಡನೆಯದನ್ನು ಕೀಳಲು ಹೋದರೆ ಸುಮಾರು 47 ಬೇಕು, ಒಂಬತ್ತು ಪಟ್ಟು! ಮೆಗ್ನೀಸಿಯಮ್ಮಿನಲ್ಲಿ ಇದೇ ಜಿಗಿತ ಮೂರನೇ ಎಲೆಕ್ಟ್ರಾನಿಗೆ ಬರುತ್ತದೆ. ಯಾಕೆಂದರೆ ಅದರ ಹೊರಗಿರುವುದು ಎರಡು.

ಇನ್ನು ಕೋಷ್ಟಕ ಇದನ್ನು ಹೇಗೆ ಹೇಳುತ್ತದೆ ನೋಡೋಣ. ಅದು ಕಣ್ಣ ಮುಂದೆ ಇಲ್ಲದಿದ್ದರೂ ಪರವಾಗಿಲ್ಲ. ಎಡದಿಂದ ಬಲಕ್ಕೆ 18 ಕಂಬಸಾಲುಗಳು ಇವೆ ಎಂದು ಕಲ್ಪಿಸಿಕೊಳ್ಳಿ. ಮೊದಲ ಕಂಬಸಾಲಿನ ಧಾತುಗಳಿಗೆ ಒಂದು ವೇಲೆನ್ಸ್ ಎಲೆಕ್ಟ್ರಾನ್, ಎರಡನೆಯದಕ್ಕೆ ಎರಡು. ಆಮೇಲೆ 13ರಿಂದ 18ರವರೆಗೆ, ಆ ಸಂಖ್ಯೆಯಲ್ಲಿ ಹತ್ತು ಕಳೆಯಿರಿ. ಕಾರ್ಬನ್, ಸಿಲಿಕಾನ್ 14ರಲ್ಲಿ ಇವೆ, ಹಾಗಾಗಿ ನಾಲ್ಕು. ಕ್ಲೋರಿನ್ 17ರಲ್ಲಿ, ಹಾಗಾಗಿ ಏಳು. ಇನ್ನೊಂದು ಸಿಕ್ಕರೆ ಹೊರಗಿನ ಕವಚದಲ್ಲಿ ಎಂಟು ತುಂಬಿ ಅದು ಸ್ಥಿರವಾಗುತ್ತದೆ. ಸೋಡಿಯಮ್ ಕೊಡಲು ತಯಾರು, ಕ್ಲೋರಿನ್ ಪಡೆಯಲು ತಯಾರು. ಉಪ್ಪು ಆಗುವುದು ಹೀಗೆ. ಅಡ್ಡಸಾಲಿನ ಸಂಖ್ಯೆ ಹೊರಗಿನ ಕವಚ ಎಷ್ಟನೆಯದು ಎಂದು ತಿಳಿಸುತ್ತದೆ.

ಹೀಲಿಯಮ್ ಒಂದು ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದು 18ರಲ್ಲಿ ಇದ್ದರೂ ಅದರ ಬಳಿ ಇರುವುದು ಎರಡೇ. ಮೊದಲ ಕವಚದಲ್ಲಿ ಜಾಗ ಇರುವುದೇ ಎರಡಕ್ಕೆ. ಆ ಎರಡು ತುಂಬಿದ್ದರಿಂದ ಅದು ನಿಯಾನ್, ಆರ್ಗಾನ್‌ಗಳ ಹಾಗೆ ಯಾರ ಸಹವಾಸಕ್ಕೂ ಹೋಗುವುದಿಲ್ಲ.

ನಡುವಿನ ಹತ್ತು ಕಂಬಸಾಲುಗಳ ಕತೆ ಬೇರೆ. ಕಬ್ಬಿಣ, ಮ್ಯಾಂಗನೀಸ್ ಇರುವುದು ಅಲ್ಲಿ. ಅಲ್ಲಿ ಒಳಗಿನ ಕವಚದ ಕೆಲವು ಎಲೆಕ್ಟ್ರಾನ್‌ಗಳೂ ಕೈ ಜೋಡಿಸುತ್ತವೆ. ಕಬ್ಬಿಣ ಒಮ್ಮೆ ಎರಡು ಕೊಡುತ್ತದೆ, ಇನ್ನೊಮ್ಮೆ ಮೂರು. ಅಲ್ಲಿ ಬರೀ ಕಂಬಸಾಲಿನ ಸಂಖ್ಯೆ ನೋಡಿ ಉತ್ತರ ಹೇಳಲು ಹೋಗಬೇಡಿ.

ನಮ್ಮ ಟೆಲ್ಲೂರಿಯಮ್ ಏನಾಯಿತು? 1913ರಲ್ಲಿ ಇಂಗ್ಲೆಂಡಿನ ಹೆನ್ರಿ ಮೋಸ್ಲಿ ಎಕ್ಸ್-ಕಿರಣಗಳಿಂದ ಧಾತುಗಳನ್ನು ಪರೀಕ್ಷೆ ಮಾಡಿದರು. ಕೋಷ್ಟಕದ ಸರಿಯಾದ ಕ್ರಮ ತೂಕದ್ದಲ್ಲ, ಪರಮಾಣು ಸಂಖ್ಯೆಯದು ಎಂಬುದು ಅದರಿಂದ ತಿಳಿಯಿತು. ಪರಮಾಣು ಸಂಖ್ಯೆ ಅಂದರೆ ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನ್ ಎಂಬ ಧನ ವಿದ್ಯುತ್ತಿನ ಕಣಗಳ ಎಣಿಕೆ; ಪರಮಾಣುವಿನಲ್ಲಿ ಎಲೆಕ್ಟ್ರಾನ್‌ಗಳೂ ಅಷ್ಟೇ ಇರುತ್ತವೆ. ಎರಡೇ ವರ್ಷದಲ್ಲಿ, ಇನ್ನೂ 27ರ ವಯಸ್ಸಿನಲ್ಲಿ, ಆತ ಮೊದಲ ಮಹಾಯುದ್ಧದ ವೇಳೆ ಟರ್ಕಿಯ ಗ್ಯಾಲಿಪೊಲಿಯಲ್ಲಿ ನಡೆದ ಕಾಳಗದಲ್ಲಿ ಸತ್ತುಹೋದರು. ನೆನೆದರೆ ಸಂಕಟವಾಗುತ್ತದೆ.

ಟೆಲ್ಲೂರಿಯಮ್ಮಿನ ಸಂಖ್ಯೆ 52, ಅಯೋಡಿನ್ನದು 53. ಒಂದು 16ನೇ ಕಂಬಸಾಲಿನಲ್ಲಿ, ಇನ್ನೊಂದು 17ರಲ್ಲಿ. ಹೊರಗಿನ ಕವಚದಲ್ಲಿ ಒಂದಕ್ಕೆ ಆರು ಎಲೆಕ್ಟ್ರಾನ್, ಇನ್ನೊಂದಕ್ಕೆ ಏಳು. ಎಂಟಾಗಲು ಮೊದಲನೆಯದಕ್ಕೆ ಎರಡು ಕಡಿಮೆ, ಅದಕ್ಕೇ ಎರಡು ಹೈಡ್ರೋಜನ್ ಬೇಕಾಗಿದ್ದು. ಟೆಲ್ಲೂರಿಯಮ್ ಜಾಸ್ತಿ ತೂಗುವುದು ನ್ಯೂಕ್ಲಿಯಸ್ಸಿನಲ್ಲಿರುವ, ವಿದ್ಯುತ್ತಿಲ್ಲದ ಕಣಗಳಾದ ನ್ಯೂಟ್ರಾನ್‌ಗಳಿಂದ. ಅವು ಹೈಡ್ರೋಜನ್ ಎಷ್ಟು ಬೇಕು ಎಂಬುದನ್ನು ತೀರ್ಮಾನಿಸುವುದಿಲ್ಲ.

ನಮಸ್ಕಾರ.